ಓರೆ ತೂತಿನ ಜಿಗ್ ಕೊಳ್ಳುವ ಮುನ್ನ

ನಮ್ಮ ನಾರಾಯಣಪೇಟೆ, ಮಕ್ತಲ್ ಕಡೆ ಕನ್ನಡದಾಗ ಬಡಿಗೇರರು, ತೆಲುಗಿನಾಗ ವಡ್ಲಾಯನ. ಹೆಸರು ಎರಡು, ಕೈ ಒಂದೇ. ಸುಗ್ಗಿಯಾಗ ಆ ಕೈ ಸಿಗೋದಿಲ್ಲ. ಮಗನ ಗದ್ವಾಲದ ಬೀಜದ ಅಂಗಡಿಗೆ ಕಪಾಟು ಬೇಕಾಗಿತ್ತು. ನಾನೇ ಮಾಡ್ತೀನಿ ಅಂತ ಪಾಕೆಟ್ ಹೋಲ್ ಜಿಗ್ ತಂದೆ.

ಡ್ರಿಲ್ ಬಿಟ್ಟನ್ನು ಸುಮಾರು 15 ಡಿಗ್ರಿ ಓರೆಯಾಗಿ ನಡೆಸುವ ಅಚ್ಚು ಇದು. ಸ್ಕ್ರೂ ತಲೆ ತೂತಿನೊಳಗೇ ಕೂಡ್ರುತ್ತದೆ. ಅಗ್ಗವೆಂದು ಮೊದಲು ತಂದದ್ದು ಪ್ಲಾಸ್ಟಿಕ್ಕಿನದು. ಬಿಗಿದು ಹಿಡಿಯಲು ಕ್ಲಾಂಪ್ ಇರಲಿಲ್ಲ. ಜಾರಿತು; ಸ್ಕ್ರೂ ಮೂತಿ ಮುಂದಕ್ಕೆ ಬಂದು ತೇಗದ ಹಲಗೆ ಸೀಳಿತು. ಮಗ ಏನೂ ಅನ್ನಲಿಲ್ಲ, ಹಲಗೆಯ ಬಿಲ್ಲು ಮುಂದಿಟ್ಟ. ಬೈದಿದ್ದರೇ ಚೆನ್ನಾಗಿತ್ತು.

ಎರಡನೇ ಸಲ ನೋಡಿ ಕೊಂಡೆ: ಬಿಟ್ಟು ಸವೆಸದಂತೆ ಉಕ್ಕಿನ ಕೊಳವೆ ಎರಡು, ಆಳ ತಡೆಯಲು ಬಿಟ್ಟಿಗೆ ಬಳೆ, ಜೊತೆಗೆ ಕ್ಲಾಂಪ್. ಮುಕ್ಕಾಲು ಇಂಚಿನ ಹಲಗೆಗೆ ಒಂದೂಕಾಲು ಇಂಚಿನ ಸ್ಕ್ರೂ ಸಾಕು. ಪ್ಲೈವುಡ್ಡಿಗೆ ಅಗಲ ಥ್ರೆಡ್ಡಿನದು, ತೇಗದಂಥ ಗಟ್ಟಿ ಕಟ್ಟಿಗೆಗೆ ಸಣ್ಣ ಥ್ರೆಡ್ಡಿನದು ಕೇಳಿ ತಗೊಳ್ಳಿ.

ಕಪಾಟು ನಿಂತಿದೆ. ಆದರೆ ಸೀರೆ ನೇಯುವ ಮಗ್ಗಕ್ಕೆ, ಹೊಲದ ಬಂಡಿಗೆ ಈ ಜೋಡಣೆ ನಾನು ಹಾಕುವುದಿಲ್ಲ. ದಿನಾ ಜಗ್ಗಾಟ ತಿನ್ನುವ ಕಟ್ಟಿಗೆಗೆ ಕುಳಿ ತೋಡಿಯೇ ಕೂಡಿಸಬೇಕು. ನನ್ನ ಬಂಡಿ ಈಗಲೂ ವಡ್ಲಾಯನ ಬರುವ ದಾರಿ ಕಾಯುತ್ತ ಅಂಗಳದಾಗ ನಿಂತಿದೆ.