‘ಹಿ’ ಬಂದರೂ ‘ಶಿ’ ಬಂದರೂ ‘ಕ್ಯಾನ್’ ಬದಲಾಗದು

ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಇಬ್ಬರು ದೇವರು. ಏಳು ಹೆಡೆಯ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದರೆ, ಬೆನ್ನಿಗಿರುವ ಲಕ್ಷ್ಮೀನರಸಿಂಹ ಪಶ್ಚಿಮಕ್ಕೆ. ನರಸಿಂಹನ ದರ್ಶನವಾಗಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ. ಕನ್ನಡ ಬಾರದ ಭಕ್ತರಿಗೆ ಇದನ್ನು ತೋರಿಸುವ ಹುಡುಗ ‘ಯು ಕ್ಯಾನ್ ಸೀ ನರಸಿಂಹ ಇನ್ ದ ಮಿರರ್’ ಎಂದರೆ ಆ ವಾಕ್ಯದಲ್ಲಿ ಒಂದಿಷ್ಟೂ ದೋಷವಿಲ್ಲ. ಅದೇ ಮಾತನ್ನು ‘ಅವನಿಗೆ ಕಾಣುತ್ತೆ’ ಎಂಬ ಅರ್ಥದಲ್ಲಿ ಹೇಳಬೇಕಾದಾಗ ಮಾತ್ರ ನಾಲಿಗೆ ತಡವರಿಸುತ್ತದೆ: ‘ಹಿ ಕ್ಯಾನ್ ಸೀಸ್’, ‘ಹಿ ಕ್ಯಾನ್ಸ್ ಸೀ’.

ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಲು ಶುರುವಾದದ್ದು 2007-08ರಲ್ಲಿ. ಆ ವರ್ಷ ಶಾಲೆಗೆ ಸೇರಿದ ಮಕ್ಕಳು ಇಪ್ಪತ್ತು ದಾಟಿದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣ, ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕ್, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳು, ಎಲ್ಲಿಗೆ ಕೆಲಸಕ್ಕೆ ಹೋದರೂ ಈ ತಲೆಮಾರಿಗೆ ಇಂಗ್ಲಿಷ್ ಎದುರಾಗುತ್ತದೆ. ಅವರಿಗೆ ಪದಗಳ ಕೊರತೆ ಅಷ್ಟಿಲ್ಲ. ಕ್ಯಾನ್, ಮೇ, ಮಸ್ಟ್, ವಿಲ್, ಶಲ್ ಮುಂತಾದ ಮೋಡಲ್ ಕ್ರಿಯಾಪದಗಳ ಸುತ್ತ ಬೆಳೆದ ಕೆಲವು ನಂಬಿಕೆಗಳೇ ಕಾಲಿಗೆ ತೊಡರುತ್ತಿವೆ.

ತಪ್ಪು ಕಲ್ಪನೆ: ಹಿ, ಶಿ, ಇಟ್ ಬಂದರೆ ಕ್ರಿಯಾಪದಕ್ಕೆ ‘ಎಸ್’ ಸೇರಲೇಬೇಕು

ಸತ್ಯ: ಮೋಡಲ್ ಇರುವ ವಾಕ್ಯದಲ್ಲಿ ಎಲ್ಲಿಯೂ ‘ಎಸ್’ ಸೇರುವುದಿಲ್ಲ. ಐ ಕ್ಯಾನ್ ಗೋ, ಯು ಕ್ಯಾನ್ ಗೋ, ಶಿ ಕ್ಯಾನ್ ಗೋ, ದೇ ಕ್ಯಾನ್ ಗೋ. ಸರ್ವನಾಮ ಯಾವುದೇ ಇರಲಿ, ‘ಕ್ಯಾನ್’ ಹಾಗೆಯೇ ನಿಲ್ಲುತ್ತದೆ, ಅದರ ಮುಂದಿನ ಕ್ರಿಯಾಪದವೂ ಮೂಲರೂಪದಲ್ಲೇ ಉಳಿಯುತ್ತದೆ. ‘ಹಿ ಗೋಸ್’ ಎಂದು ಮೇಷ್ಟ್ರು ಕಲಿಸಿದ್ದು ಸರಿಯೇ. ಆ ಪಾಠವನ್ನು ಶ್ರದ್ಧೆಯಿಂದ ಕಲಿತವರೇ ‘ಕ್ಯಾನ್ ಗೋಸ್’ ಎನ್ನುತ್ತಾರೆ. ಇದನ್ನು ದಡ್ಡತನವೆಂದು ನಗುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

‘ಎಸ್’ ಏಕಿಲ್ಲ? ಕ್ಯಾನ್, ಮೇ, ಶಲ್, ಮಸ್ಟ್ ಇವು ಬಹಳ ಹಿಂದೆ, ಇಂಗ್ಲಿಷ್ ಬೇರೆ ಭಾಷೆಯಾಗಿ ಕವಲೊಡೆಯುವ ಮುಂಚೆಯೇ, ಭೂತಕಾಲದ ರೂಪಗಳಿಂದ ಬೆಳೆದು ವರ್ತಮಾನದ ಅರ್ಥ ಪಡೆದ ಕ್ರಿಯಾಪದಗಳು. ಭೂತಕಾಲದಲ್ಲಿ ‘ಹಿ’ಗೆ ಪ್ರತ್ಯಯವಿಲ್ಲ: ಐ ಸ್ಯಾಂಗ್, ಹಿ ಸ್ಯಾಂಗ್. ಆ ಗುರುತು ಇಂದಿಗೂ ಅಳಿಸಿಲ್ಲ. ‘ವಿಲ್’ನ ಮೂಲ ಬೇರೆ, ಆದರೂ ಅದು ಈ ಗುಂಪಿನ ದಾರಿಯನ್ನೇ ಹಿಡಿಯಿತು.

ನಮ್ಮ ಮಕ್ಕಳು ಈ ನಿಯಮವನ್ನು ಶಾಲೆಗೆ ಕಾಲಿಡುವ ಮುಂಚೆಯೇ ಬಲ್ಲರು. ‘ನಾನು ಬರುತ್ತೇನೆ, ನೀವು ಬರುತ್ತೀರಿ, ಅವಳು ಬರುತ್ತಾಳೆ’ ಎನ್ನುವಾಗ ಕ್ರಿಯಾಪದ ಪ್ರತಿಯೊಬ್ಬರಿಗೂ ಬದಲಾಗುತ್ತದೆ. ‘ನಾನು ಬರಬಹುದು, ನೀವು ಬರಬಹುದು, ಅವಳು ಬರಬಹುದು’ ಎನ್ನುವಾಗ ಏನೂ ಬದಲಾಗುವುದಿಲ್ಲ. ಬೇಕು, ಬಾರದು, ಕೂಡದು ಕೂಡ ಹಾಗೆಯೇ. ‘ಬಹುದು’ ಎಂಬುದು ಹಿಂದೆ ‘ಬರು’ ಧಾತುವಿನ ನಪುಂಸಕಲಿಂಗದ ರೂಪವಾಗಿತ್ತು, ‘ಅದು ಬರುವುದು’ ಎಂಬ ಅರ್ಥದಲ್ಲಿ. ಆ ರೂಪದಲ್ಲೇ ಅದು ಗಟ್ಟಿಯಾಗಿಬಿಟ್ಟಿತು. ಇಂಗ್ಲಿಷಿನ ಪದ ಭೂತಕಾಲದ ರೂಪದಲ್ಲಿ ನಿಂತಿತು, ನಮ್ಮದು ನಪುಂಸಕದಲ್ಲಿ ನಿಂತಿತು. ಎರಡರ ಫಲವೂ ಒಂದೇ: ಯಾರ ಬಗ್ಗೆ ಮಾತು ಎಂಬುದರಿಂದ ಪದ ಬದಲಾಗುವುದಿಲ್ಲ. ಕನ್ನಡದಲ್ಲಿ ಎಲ್ಲವೂ ಹೀಗಲ್ಲ ಎಂಬುದೂ ನಿಜ. ಬಲ್ಲೆ, ಬಲ್ಲಳು, ಬರಲಾರೆ, ಬರಲಾರಳು ಎಂದು ಬದಲಾಗುವವೂ ಇವೆ. ಆದರೆ ‘ಬರಬಹುದು’ವಿನ ಸಾಲೊಂದನ್ನು ಹಲಗೆಯ ಮೇಲೆ ಬರೆದು, ಅದರ ಕೆಳಗೆ ‘ಕ್ಯಾನ್’ ಸಾಲನ್ನು ಬರೆದರೆ ಅರ್ಧ ಪಾಠ ಮುಗಿದಂತೆ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದೆಂದು ಹಟ ಹಿಡಿಯುವುದರಿಂದ ನಾವು ಕಳೆದುಕೊಳ್ಳುತ್ತಿರುವುದು ಇದನ್ನೇ.

ಎಚ್ಚರ ವಹಿಸಬೇಕಾದದ್ದು ‘ಹ್ಯಾವ್ ಟು’ ಜೊತೆ. ಅದು ‘ಮಸ್ಟ್’ನ ಅರ್ಥ ಕೊಟ್ಟರೂ ಮೋಡಲ್‌ಗಳಂತೆ ನಡೆಯುವುದಿಲ್ಲ: ಐ ಹ್ಯಾವ್ ಟು ಗೋ, ಶಿ ಹ್ಯಾಸ್ ಟು ಗೋ.

ತಪ್ಪು ಕಲ್ಪನೆ: ಎರಡು ಕ್ರಿಯಾಪದಗಳ ನಡುವೆ ‘ಟು’ ಇರಬೇಕು

ಸತ್ಯ: ‘ವಾಂಟ್ ಟು ಗೋ’ ಸರಿ, ‘ಕ್ಯಾನ್ ಟು ಗೋ’, ‘ಮಸ್ಟ್ ಟು ಗೋ’ ತಪ್ಪು. ‘ಆಟ್ ಟು’ ಒಂದನ್ನು ಬಿಟ್ಟರೆ ಈ ಗುಂಪಿಗೆ ‘ಟು’ ಬೇಡ. ಎರಡು ಮೋಡಲ್‌ಗಳನ್ನು ಜೋಡಿಸುವಂತೆಯೂ ಇಲ್ಲ. ‘ನಾಳೆ ಬರಕ್ಕಾಗುತ್ತೆ’ ಎನ್ನಲು ‘ಐ ವಿಲ್ ಕ್ಯಾನ್ ಕಮ್’ ಅಲ್ಲ, ‘ಐ ಕ್ಯಾನ್ ಕಮ್ ಟುಮಾರೋ’ ಸಾಕು.

ತಪ್ಪು ಕಲ್ಪನೆ: ಐ, ವಿ ಬಂದರೆ ‘ಶಲ್’, ಉಳಿದವರಿಗೆಲ್ಲ ‘ವಿಲ್’

ಸತ್ಯ: ಈ ನಿಯಮವನ್ನು ಬರೆದಿಟ್ಟ ಮೊದಲಿಗರಲ್ಲಿ ಒಬ್ಬ ಜಾನ್ ವಾಲಿಸ್. ಅನಂತಕ್ಕೆ ಇಂದು ನಾವು ಬಳಸುವ ಚಿಹ್ನೆಯನ್ನು ಕೊಟ್ಟ ಗಣಿತಜ್ಞನೂ ಈತನೇ. 1653ರಲ್ಲಿ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಆತ ಅದನ್ನು ಹೇಳಿದ. ವ್ಯಾಕರಣ ಪುಸ್ತಕಗಳ ಮೂಲಕ ಅದು ನಮ್ಮ ಹೈಸ್ಕೂಲಿಗೂ ಬಂತು. ಆಡುಮಾತು ಅದನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ. ‘ಐ ವಿಲ್ ಕಮ್’ ಎಂದರೆ ಇಂದು ಯಾರೂ ತಪ್ಪೆನ್ನುವುದಿಲ್ಲ.

‘ಶಲ್’ ಜೀವಂತವಾಗಿರುವುದು ಮುಖ್ಯವಾಗಿ ಎರಡು ಕಡೆ. ಒಂದು ಕಾನೂನು. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ಪುಟಪುಟಕ್ಕೂ ‘ಶಲ್’ ಇದೆ, ಅದೂ ಪ್ರಥಮ ಪುರುಷದ ಜೊತೆ, ಕಡ್ಡಾಯದ ಅರ್ಥದಲ್ಲಿ. ಇನ್ನೊಂದು, ಎದುರಿನವರ ಇಷ್ಟ ಕೇಳುವ ಪ್ರಶ್ನೆ. ‘ಕಾಯಿ ಒಡೀಲಾ?’, ‘ಹೂವು ತರಲಾ?’ ಎನ್ನುತ್ತೇವಲ್ಲ, ಆ ‘ಲಾ’ಗೆ ಇಂಗ್ಲಿಷಿನಲ್ಲಿ ಸರಿಹೊಂದುವುದು ‘ಶಲ್ ಐ’. ಇಲ್ಲಿ ‘ವಿಲ್ ಐ’ ಎಂದರೆ ‘ನಾನು ತರ್ತೀನಾ?’ ಎಂದು ತನ್ನ ಭವಿಷ್ಯವನ್ನೇ ಬೇರೆಯವರಲ್ಲಿ ಕೇಳಿದಂತಾಗುತ್ತದೆ.

ತಪ್ಪು ಕಲ್ಪನೆ: ‘ವುಡ್’ ಎಂದರೆ ‘ವಿಲ್’ನ ಮರ್ಯಾದೆಯ ರೂಪ, ಎಲ್ಲಿ ಬೇಕಾದರೂ ಹಾಕಬಹುದು

ಸತ್ಯ: ಕೇಳುವಾಗ ಹೌದು, ಹೇಳುವಾಗ ಅಲ್ಲ. ಸಂದರ್ಶನಕ್ಕೆ ಕರೆ ಬಂದಾಗ ‘ಐ ವುಡ್ ಕಮ್ ಟುಮಾರೋ’ ಎಂದು ಉತ್ತರಿಸಿದರೆ ಓದುವವರ ಮನಸ್ಸಿಗೆ ಬರುವುದು ‘ಬರುತ್ತಿದ್ದೆ, ಆದರೆ…’ ಎಂಬ ಅರ್ಥ. ಬರುವುದು ಖಚಿತವಾದರೆ ‘ಐ ವಿಲ್’ ಎಂದೇ ಬರೆಯಬೇಕು.

ಕೇಳುವಾಗಿನ ಮಾತು ಬೇರೆ. ಮರ್ಯಾದೆಯನ್ನು ನಾವು ಸರ್ವನಾಮದಲ್ಲೂ ಕ್ರಿಯಾಪದದ ಕೊನೆಯಲ್ಲೂ ಇಡುತ್ತೇವೆ: ನೀನು, ನೀವು, ತಾವು, ಬಾ, ಬನ್ನಿ, ದಯಮಾಡಿಸಿ. ಇಂಗ್ಲಿಷಿನಲ್ಲಿ ಮಗುವಿಗೂ ‘ಯು’, ಜಿಲ್ಲಾಧಿಕಾರಿಗೂ ‘ಯು’. ಹಾಗೆಂದು ಅದು ಮರ್ಯಾದೆ ಇಲ್ಲದ ಭಾಷೆಯಲ್ಲ. ಮರ್ಯಾದೆಯ ಹೊರೆಯನ್ನು ಅಲ್ಲಿ ಬಹುಮಟ್ಟಿಗೆ ಮೋಡಲ್ ಹೊರುತ್ತದೆ. ‘ಕ್ಯಾನ್ ಯು ವೆಯ್ಟ್’ ಎನ್ನುವುದಕ್ಕಿಂತ ‘ಕುಡ್ ಯು ವೆಯ್ಟ್’, ‘ವುಡ್ ಯು ವೆಯ್ಟ್’ ವಿನಯದ್ದು.

ನಮ್ಮವರು ಎಡವುವುದು ‘ಮಸ್ಟ್’ನಲ್ಲಿ. ‘ತಾವು ಬರಬೇಕು’ ಎನ್ನುವಾಗ ಕನ್ನಡದ ‘ಬೇಕು’ ಆದರದ ಮಾತು. ‘ಚಪ್ಪಲಿ ಇಲ್ಲೇ ಬಿಡಬೇಕು ಅಮ್ಮಾ’ ಎಂದರೂ ಯಾರಿಗೂ ನೋವಾಗದು, ‘ಅಮ್ಮಾ’ ಅದನ್ನು ಮೆದುಗೊಳಿಸಿರುತ್ತದೆ. ಅದನ್ನೇ ಹಿರಿಯರೊಬ್ಬರಿಗೆ ‘ಯು ಮಸ್ಟ್ ಲೀವ್ ಯುವರ್ ಚಪ್ಪಲ್ಸ್ ಹಿಯರ್’ ಎಂದು ಹೇಳಿದರೆ ಆಜ್ಞೆಯಾಗಿ ಕೇಳಿಸುತ್ತದೆ. ‘ಕುಡ್ ಯು ಪ್ಲೀಸ್ ಲೀವ್’ ಎಂದರೆ ನಮ್ಮ ಮನಸ್ಸಿನಲ್ಲಿದ್ದ ಗೌರವ ಅವರಿಗೂ ತಲುಪುತ್ತದೆ. ‘ಹೋಗಿಬನ್ನಿ’ ಎಂಬ ಅರ್ಥದಲ್ಲಿ ‘ಯು ಮೇ ಗೋ’ ಎನ್ನುವುದೂ ಹೀಗೆಯೇ: ‘ಮೇ’ ಅಲ್ಲಿ ಅಪ್ಪಣೆ ಕೊಡುವವರ ಮಾತು.

ತಪ್ಪು ಕಲ್ಪನೆ: ‘ಮಸ್ಟ್’ಗೆ ‘ನಾಟ್’ ಸೇರಿದರೆ ‘ಬೇಕಾಗಿಲ್ಲ’

ಸತ್ಯ: ‘ಮಸ್ಟ್ ನಾಟ್’ ಎಂದರೆ ‘ಬಾರದು’. ‘ಬೇಕಾಗಿಲ್ಲ’ ಎನ್ನಲು ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’ ಬೇಕು. ಪುಷ್ಯ ಮಾಸದ ಷಷ್ಠಿಯ ರಥೋತ್ಸವಕ್ಕೂ ದನಗಳ ಜಾತ್ರೆಗೂ ಬೇರೆ ರಾಜ್ಯದವರೂ ಘಾಟಿಗೆ ಬರುತ್ತಾರೆ. ಹಳ್ಳಿಕಾರ್ ಎತ್ತಿನ ಜೋಡಿ ನೋಡಲು ಬಂದವರಿಗೆ ‘ಈಗಲೇ ದುಡ್ಡು ಕೊಡಬೇಕಾಗಿಲ್ಲ’ ಎಂದು ಸೌಜನ್ಯಕ್ಕೆ ಹೇಳಹೋಗಿ ‘ಯು ಮಸ್ಟ್ ನಾಟ್ ಪೇ ನೌ’ ಎಂದರೆ, ‘ಈಗ ಕೊಡಲೇಕೂಡದು’ ಎಂದು ತಡೆದಂತೆ. ಕನ್ನಡದಲ್ಲಿ ಇವೆರಡನ್ನು ಯಾರೂ ಬೆರೆಸುವುದಿಲ್ಲ. ಆದ್ದರಿಂದ ಮೊದಲು ಮನಸ್ಸಿನಲ್ಲಿ ಇರುವುದು ‘ಬಾರದು’ವೋ ‘ಬೇಕಾಗಿಲ್ಲ’ವೋ ಎಂದು ಕೇಳಿಕೊಂಡರೆ ಇಂಗ್ಲಿಷ್ ತಾನಾಗಿ ಸರಿಹೋಗುತ್ತದೆ.

ತಪ್ಪು ಕಲ್ಪನೆ: ಸರ್ವನಾಮ ಮೊದಲು, ಮೋಡಲ್ ಆಮೇಲೆ, ಯಾವಾಗಲೂ

ಸತ್ಯ: ಹೇಳಿಕೆಯಲ್ಲಿ ಮಾತ್ರ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಿಲ್ಲ, ಕೊನೆಗೊಂದು ‘ಆ’ ಸೇರಿಸಿದರೆ ಅಥವಾ ‘ಎಲ್ಲಿ’ ಇಟ್ಟರೆ ಆಯಿತು. ಹಾಗಾಗಿ ‘ವೇರ್ ಐ ಕ್ಯಾನ್ ಪಾರ್ಕ್?’ ಸಹಜವೆನಿಸುತ್ತದೆ. ಇಂಗ್ಲಿಷ್ ಪ್ರಶ್ನೆಯಲ್ಲಿ ಮೋಡಲ್ ಮುಂದಕ್ಕೆ ಬರುತ್ತದೆ: ‘ವೇರ್ ಕ್ಯಾನ್ ಐ ಪಾರ್ಕ್?’ ಆದರೆ ಆ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಕೂತರೆ ಹಳೆಯ ಕ್ರಮವೇ ಮರಳುತ್ತದೆ. ಮಾಕಳಿದುರ್ಗದಲ್ಲಿ ರೈಲಿಳಿದು ಘಾಟಿಗೆ ಬರುವವರು ದಾರಿ ಕೇಳುವಾಗ ‘ಕುಡ್ ಯು ಟೆಲ್ ಮಿ ವೇರ್ ಐ ಕ್ಯಾನ್ ಗೆಟ್ ಅ ಬಸ್?’ ಎಂದರೆ ಒಂದೇ ವಾಕ್ಯದಲ್ಲಿ ಎರಡೂ ಕ್ರಮಗಳಿವೆ. ಮೊದಲಿಗೆ ‘ಕುಡ್ ಯು’, ಒಳಗೆ ‘ಐ ಕ್ಯಾನ್’, ಎರಡೂ ಸರಿ.