ಹತ್ತು ರಂಧ್ರ, ಮೂರು ಉದ್ದನೆಯ ಸ್ಕ್ರೂ

ನನ್ನ ಹಳೆಯ ಲ್ಯಾಪ್‌ಟಾಪ್ ಅರ್ಧ ಗಂಟೆ ಓಡಿದರೆ ಸಾಕು, ಕಾದ ಹಂಚಿನಂತಾಗಿ ತಾನೇ ಆರಿಹೋಗುತ್ತಿತ್ತು. ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ವಾಡಿ, ಆದಿತ್ಯನಗರದ ಕಡೆಯ ಧೂಳಿನ ಬಗ್ಗೆ ನಿಮಗೆ ಹೇಳಬೇಕೆ? ಒಳಗಿನ ಪುಟ್ಟ ಫ್ಯಾನಿನ ಪಕ್ಕ ಅದು ಕಂಬಳಿಯಂತೆ ಕೂತಿತ್ತು. ಬಿಚ್ಚಿ ಸ್ವಚ್ಛ ಮಾಡಿದೆ. ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ತುಸು ಬಿಗಿ ಎನಿಸಿತು, ಆದರೂ ತಿರುಗಿಸಿದೆ. ಮಗುಚಿ ನೋಡಿದರೆ, ಅಂಗೈ ಇಡುವ ಜಾಗದಲ್ಲಿ ಪ್ಲಾಸ್ಟಿಕ್ ಮೊಡವೆಯಂತೆ ಉಬ್ಬಿ ಸೀಳಿತ್ತು! ಗಿಡ್ಡ ಸ್ಕ್ರೂವಿನ ರಂಧ್ರಕ್ಕೆ ಉದ್ದನೆಯದನ್ನು ಹಾಕಿದ್ದೆ.

ಪ್ಲಾಸ್ಟಿಕ್ ಸೀಳುವಷ್ಟು ಬಲ ಹಾಕಿದ್ದು ನನ್ನ ಕೈಗೆ ಏಕೆ ತಿಳಿಯಲಿಲ್ಲ? ಸ್ಕ್ರೂ ಒಂದು ಸರಳ ಯಂತ್ರ. ಕಾಗದವನ್ನು ಲಂಬಕೋನ ತ್ರಿಭುಜವಾಗಿ ಕತ್ತರಿಸಿ ಪೆನ್ಸಿಲ್‌ಗೆ ಸುತ್ತಿ ನೋಡಿ. ಅದರ ಓರೆ ಅಂಚು ಸುತ್ತುತ್ತ ಮೇಲೇರುತ್ತದೆ. ಸ್ಕ್ರೂವಿನ ಎಳೆಯೂ ಹೀಗೆ ಸುತ್ತಿದ ಇಳಿಜಾರೇ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾದ 2.5 ಮಿಲಿಮೀಟರ್ ದಪ್ಪದ ಸ್ಕ್ರೂ ಒಂದು ಪೂರ್ತಿ ಸುತ್ತಿಗೆ 0.45 ಮಿ.ಮೀ. ಮಾತ್ರ ಮುಂದೆ ಸರಿಯುತ್ತದೆ. ಬೆರಳು ಬಹಳ ದೂರ ತಿರುಗಿದರೂ ತುದಿ ಸರಿಯುವುದು ಕೂದಲೆಳೆಯಷ್ಟು. ಆದ್ದರಿಂದ ಬೆರಳಿನ ಸಣ್ಣ ಬಲ ತುದಿಯಲ್ಲಿ ಹಲವು ಪಟ್ಟಾಗುತ್ತದೆ. 5 ಮಿ.ಮೀ. ಉದ್ದದ್ದು ಇರಬೇಕಾದಲ್ಲಿ 8 ಮಿ.ಮೀ. ಉದ್ದದ್ದು ಹೊಕ್ಕರೆ, ಕೊನೆಯ ಆರೇಳು ಸುತ್ತು ಅದು ಒಳಗಿನದನ್ನು ತಳ್ಳುತ್ತಲೇ ಇರುತ್ತದೆ. ಅಲ್ಲಿ ಮದರ್‌ಬೋರ್ಡ್ ಇದ್ದರೆ ಕೆಡಬಹುದು. ಬ್ಯಾಟರಿಗೆ ಚುಚ್ಚಿದರಂತೂ ಬೆಂಕಿಯೇ ಹೊತ್ತಿಕೊಳ್ಳಬಹುದು.

ನನ್ನ ಲ್ಯಾಪ್‌ಟಾಪಿನ ತಳದಲ್ಲಿ ಹತ್ತು ರಂಧ್ರಗಳು. ಅವುಗಳಲ್ಲಿ ಮೂರಕ್ಕೆ ಉದ್ದನೆಯ ಸ್ಕ್ರೂ. ಯಾವ ಮೂರಕ್ಕೆ? ಊಹೆಯಿಂದ ಹಾಕಿದರೆ ಎಷ್ಟು ಬಗೆಯಲ್ಲಿ ಹಾಕಬಹುದು? ಇಂತಹ ಲೆಕ್ಕಕ್ಕೆ ಸೂತ್ರ ಕೊಟ್ಟವರಲ್ಲಿ ಮಹಾವೀರಾಚಾರ್ಯ ಒಬ್ಬ. ಸುಮಾರು ಕ್ರಿ.ಶ. 850ರಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾನೆ. ಆ ದೊರೆಯ ರಾಜಧಾನಿ ಮಾನ್ಯಖೇಟ, ಅಂದರೆ ಆದಿತ್ಯನಗರದ ಬಳಿಯ ನಮ್ಮ ಮಳಖೇಡ! ಸೂತ್ರ ಸುಲಭ. ಹತ್ತರಿಂದ ಇಳಿಯುತ್ತ ಮೂರು ಸಂಖ್ಯೆಗಳನ್ನು ಗುಣಿಸಿ: 10×9×8=720. ಒಂದರಿಂದ ಏರುತ್ತ ಮೂರನ್ನು ಗುಣಿಸಿ: 1×2×3=6. ಭಾಗಿಸಿದರೆ 120. ಇಷ್ಟು ಬಗೆಗಳಲ್ಲಿ ಸರಿಯಾದದ್ದು ಒಂದೇ.

ಎರಡನೆಯ ಸಲ ಬಿಚ್ಚುವಾಗ ನಾನು ಒಂದು ದಪ್ಪ ರಟ್ಟು ತೆಗೆದುಕೊಂಡೆ. ಲ್ಯಾಪ್‌ಟಾಪನ್ನು ಬೋರಲು ಮಲಗಿಸಿ, ಕಂಡಂತೆಯೇ ಅದರ ತಳದ ಚಿತ್ರ ಬರೆದೆ. ಸ್ಕ್ರೂ ಬಿಚ್ಚಿದ ಹಾಗೆಲ್ಲ ಚಿತ್ರದ ಅದೇ ಜಾಗದಲ್ಲಿ ಚುಚ್ಚಿ ನಿಲ್ಲಿಸಿದೆ. ಕೀಲು ಇರುವ ಬದಿಗೆ ಗುರುತು ಹಾಕುವುದನ್ನು ಮರೆಯಬಾರದು. ರಟ್ಟು ತಿರುಗಿದರೆ ಎಡ ಬಲವಾಗುತ್ತದೆ. ಒಳಗಿನ ಭಾಗದ ಸ್ಕ್ರೂಗಳಿಗೆ ಇನ್ನೊಂದು ರಟ್ಟು, ಅದರ ಮೇಲೆ 2 ಎಂಬ ಅಂಕಿ. ಜೋಡಿಸುವಾಗ ಮೊದಲು 2, ಆಮೇಲೆ 1.

ಶಹಾಬಾದ್ ಕಲ್ಲಿನ ನೆಲದ ಮೇಲೆ ಮಾತ್ರ ಈ ಕೆಲಸ ಬೇಡ. ಬೂದು ಕಲ್ಲಿನ ಮೇಲೆ ಬೂದು ಸ್ಕ್ರೂ ಕಾಣುವುದಿಲ್ಲ, ಉರುಳಿ ಸಂದಿಗೆ ಸೇರುತ್ತದೆ. ಬಿಳಿ ಟವೆಲ್ ಹಾಸಿದರೆ ಬಿದ್ದಲ್ಲೇ ನಿಲ್ಲುತ್ತದೆ. ಕಳೆದದ್ದನ್ನು ಅಯಸ್ಕಾಂತದಿಂದ ಹುಡುಕಬಹುದು, ಆದರೆ ಕೆಲವು ಬಗೆಯ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳು ಅದಕ್ಕೆ ಅಂಟುವುದೇ ಇಲ್ಲ.

ಲ್ಯಾಪ್‌ಟಾಪನ್ನು ದೊಡ್ಡವರಿಲ್ಲದೆ ನೀವು ಬಿಚ್ಚಬೇಡಿ. ಅವರು ಬಿಚ್ಚುವಾಗಲೂ ಮೊದಲು ಚಾರ್ಜರ್ ಕಿತ್ತಿರಬೇಕು, ಬ್ಯಾಟರಿಯ ಸಂಪರ್ಕ ತಪ್ಪಿಸಿರಬೇಕು. ರಟ್ಟಿನ ಚಿತ್ರ ಬರೆಯುವ ಕೆಲಸ ನೀವು ಕೇಳಿ ಪಡೆಯಿರಿ. ಅಷ್ಟರಲ್ಲಿ ಒಂದು ಲೆಕ್ಕ: ಹನ್ನೆರಡು ರಂಧ್ರಗಳಲ್ಲಿ ನಾಲ್ಕಕ್ಕೆ ಉದ್ದನೆಯ ಸ್ಕ್ರೂ ಇದ್ದರೆ ಎಷ್ಟು ಬಗೆ? ಐನೂರಕ್ಕೆ ಐದು ಕಡಿಮೆ ಬಂದರೆ ನಿಮ್ಮ ಲೆಕ್ಕ ಸರಿ.