ಟೈಲ್ಸಿನ ಹಿಂದಿನ ಗೋಡೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಬಚ್ಚಲುಮನೆಯ ರಿಪೇರಿ ಮಾಡಿಸಿ ನೋಡು ಎಂಬುದನ್ನು ಸೇರಿಸಲು ಅವರು ಮರೆತರೆಂದು ಕಾಣುತ್ತದೆ. ಮಸ್ಕತ್ತಿನ ನಮ್ಮ ಬಾಡಿಗೆ ಮನೆಯಲ್ಲಿ ನನಗೆ ಆ ಭಾಗ್ಯವೂ ಒದಗಿತು.

ಸ್ನಾನದ ಮನೆಗೆ ತಾಗಿದ ಕೋಣೆಯಲ್ಲಿ ಮಲಗುತ್ತಿದ್ದ ಮಗಳಿಗೆ ರಾತ್ರಿ ಹೊತ್ತು ಕೆಮ್ಮು, ಉಬ್ಬಸ. ಅಪ್ಪ ಡಾಕ್ಟರು, ಔಷಧಿಗೇನೂ ಕೊರತೆಯಿರಲಿಲ್ಲ. ಆದರೆ ರಜೆಗೆ ಊರಿಗೆ ಹೋದರೆ ಕೆಮ್ಮು ಮಾಯ, ಮರಳಿ ಬಂದರೆ ಮತ್ತೆ ಹಾಜರು! ಆಗ ನನಗೆ ಗೋಡೆಯ ಮೇಲೆ ಅನುಮಾನ ಬಂತು. ಶವರಿನ ಬಳಿಯ ಟೈಲ್ಸುಗಳನ್ನು ರೋಗಿಯ ಎದೆ ತಟ್ಟುವಂತೆ ಬೆರಳಿನಿಂದ ತಟ್ಟಿದೆ. ಟೊಳ್ಳು ಸದ್ದು. ಎದೆ ತಟ್ಟಿ ರೋಗ ಪತ್ತೆ ಹಚ್ಚುವ ವಿಧಾನವನ್ನು 1761ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಆಸ್ಟ್ರಿಯಾದ ವೈದ್ಯ ಔಎನ್‌ಬ್ರುಗ್ಗರ್ ಹೋಟೆಲಿನವನೊಬ್ಬನ ಮಗ. ಇಲ್ಲಿ ವಿದ್ಯೆ ಎದೆಯಿಂದ ಗೋಡೆಗೆ ಹೋಯಿತು, ಅಷ್ಟೇ.

ಟೈಲ್ಸು ಕಿತ್ತಾಗ ಕಂಡದ್ದು ‘ಮೇಲೆ ಥಳಕು, ಒಳಗೆ ಹುಳುಕು’. ಹಿಂದೆ ಯಾರೋ ಮಾಮೂಲಿ ಜಿಪ್ಸಂ ಬೋರ್ಡಿನ ಮೇಲೆಯೇ ಟೈಲ್ಸು ಅಂಟಿಸಿದ್ದರು. ಅದರ ಮೇಲಿನ ಕಾಗದ ನೀರು ಕುಡಿದು ಕಪ್ಪು ಬೂಷ್ಟು ಹಿಡಿದಿತ್ತು. ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಳ್ಳುವ ನಮ್ಮ ಮನೆಗಳಲ್ಲಿ ಬೂಷ್ಟಿನ ಕಣಗಳು ಒಳಗೊಳಗೇ ಸುತ್ತುತ್ತವೆ. ಆಸ್ತಮಾ ಇರುವವರಿಗೆ ಅಷ್ಟೇ ಸಾಕು.

ನಾವೆಲ್ಲ ತಿಳಿದಿರುವುದು ಟೈಲ್ಸು ನೀರನ್ನು ತಡೆಯುತ್ತದೆಂದು. ಟೈಲ್ಸೇನೋ ತಡೆಯುತ್ತದೆ, ಅದರ ಸಂದಿಯ ಸಿಮೆಂಟ್ ಗ್ರೌಟ್ ತಡೆಯುವುದಿಲ್ಲ. ನೀರು ಹಿಂದಕ್ಕೆ ಹೋಗಿಯೇ ಹೋಗುತ್ತದೆ. ಅಲ್ಲಿ ಏನಿದೆ ಎಂಬುದೇ ಪ್ರಶ್ನೆ.

ಕೆಲಸಕ್ಕೆ ಬಂದವರು ಉಡುಪಿ ಕಡೆಯ ಮೇಸ್ತ್ರಿ. “ಟೈಲ್ಸ್ ಎಲ್ಲರಿಗೂ ಕಾಣ್ತದೆ ಡಾಕ್ಟ್ರೇ, ಹಿಂದಿನ ಗೋಡೆ ಯಾರಿಗೂ ಕಾಣುದಿಲ್ಲ. ದುಡ್ಡು ಹಾಕುದಾದ್ರೆ ಅಲ್ಲಿ ಹಾಕಿ” ಎಂದರು. ಕಬ್ಬಿಣದ ಚೌಕಟ್ಟಿಗೆ ಸಿಮೆಂಟ್ ಬೋರ್ಡ್ ಹಾಕುವುದೆಂದಾಯಿತು. ಸಿಮೆಂಟಿನ ಒಳಗೆ ಗಾಜಿನ ನಾರಿನ ಬಲೆಯಿರುವ ಹಲಗೆ ಅದು. ನೆನೆದರೂ ಕೊಳೆಯದು, ಉಬ್ಬದು. ಆದರೆ ನೀರು ಅದರೊಳಗೂ ಇಳಿಯುತ್ತದೆ! ಆದ್ದರಿಂದ ಬೋರ್ಡಿನ ಮೇಲೆ ನೀರು ತಡೆಯುವ ಲೇಪ ಬೇಕೇ ಬೇಕು.

ಮೇಸ್ತ್ರಿ ಮಾಡಿದ್ದು ಹೀಗೆ: ಎರಡು ಬೋರ್ಡುಗಳ ನಡುವೆ 3 ಮಿ.ಮೀ. ಸಂದಿ, ತುಕ್ಕು ಹಿಡಿಯದ ಸ್ಕ್ರೂಗಳು, ಸುಮಾರು 20 ಸೆಂ.ಮೀ.ಗೆ ಒಂದು, ಬೋರ್ಡಿನ ಕೆಳ ಅಂಚು ನೆಲಕ್ಕೆ ತಾಗದಂತೆ 6 ಮಿ.ಮೀ. ಅಂತರ. ಸಂದಿಗಳಿಗೆ ಬಲೆಯ ಟೇಪ್ ಅಂಟಿಸಿ ಟೈಲ್ಸ್ ಅಂಟಿನಿಂದ ಮುಚ್ಚಿದರು. ಮೂಲೆಗಳಿಗೆ ಬಟ್ಟೆಯ ಪಟ್ಟಿ ಕೊಟ್ಟು ಲೇಪವನ್ನು ಎರಡು ಸಲ ಬಳಿದರು, ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಕೊನೆಗೆ ನೆಲದ ಕಿಂಡಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡಿದರು. ಆಮೇಲಷ್ಟೇ ಟೈಲ್ಸು.

ಈ ಬುದ್ಧಿ ಒಮಾನಿಗೇನೂ ಹೊಸದಲ್ಲ. 2006ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ನಿಜ್ವಾದ ಫಲಜ್ ದಾರಿಸ್ ಒಂದು. ಇಲ್ಲಿನ ಫಲಜ್ ಕಾಲುವೆಗಳಿಗೂ ಕೋಟೆಗಳಿಗೂ ಹಿಂದಿನವರು ಬಳಿದದ್ದು ‘ಸಾರೂಜ್’ ಎಂಬ ಗಾರೆ. ಜೇಡಿಮಣ್ಣನ್ನು ಸುಟ್ಟು ಪುಡಿ ಮಾಡಿ ಸುಣ್ಣದೊಡನೆ ಕಲಸಿದ್ದು. ಇಟ್ಟಿಗೆ ಪುಡಿ ಬೆರೆಸಿದ ನಮ್ಮೂರಿನ ಸುರ್ಕಿ ಗಾರೆಯ ಸ್ವಂತ ತಮ್ಮ!

ಆದರೆ ಈ ಲೇಖನ ಬರೆಯಲು ಕಾರಣ ಗೋಡೆಯೊಂದೇ ಅಲ್ಲ. ಮೊದಲ ದಿನ ಮೇಸ್ತ್ರಿ ಬೋರ್ಡನ್ನು ಯಂತ್ರದಿಂದ ಒಣಗಿದ್ದಾಗಲೇ ಕೊಯ್ಯುತ್ತಿದ್ದರು. ಬಾಲ್ಕನಿ ತುಂಬ ಬಿಳಿ ಧೂಳು, ಬಾಯಿಗೊಂದು ಕರ್ಚೀಫು. ನಡುನಡುವೆ ಒಣ ಕೆಮ್ಮು. “ಅದು ಇಪ್ಪತ್ತು ವರ್ಷದ್ದು ಡಾಕ್ಟ್ರೇ, ಇರ್ಲಿ ಬಿಡಿ” ಎಂದರು. ನಾನು ಬಿಡಲಿಲ್ಲ. ಎಕ್ಸ್-ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳು. ಕಫ ಪರೀಕ್ಷೆಯಲ್ಲಿ ಕ್ಷಯವಿರಲಿಲ್ಲ. ಎದೆರೋಗ ತಜ್ಞರು ಸಿಲಿಕೋಸಿಸ್ ಎಂದರು. ಸಿಮೆಂಟು, ಕಲ್ಲು, ಟೈಲ್ಸುಗಳ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕುಳಿತು ಮಾಡುವ ಗಾಯ. ಅದನ್ನು ಅಳಿಸುವ ಔಷಧಿಯಿಲ್ಲ, ಧೂಳಿನಿಂದ ದೂರವಿರುವುದೇ ದಾರಿ. ನನ್ನ ಮಗಳ ಗೋಡೆಯನ್ನು ನೆಟ್ಟಗೆ ಮಾಡುತ್ತಿದ್ದವರ ಎದೆಯಲ್ಲೇ ಯಾರಿಗೂ ಕಾಣದ ಹುಳುಕು.

ಉಳಿದ ಬೋರ್ಡುಗಳನ್ನು ಅವರ ಹುಡುಗರು ಸರಿಯಾದ ಎನ್-95 ಮಾಸ್ಕ್ ಹಾಕಿ, ಚಾಕುವಿನಿಂದ ಗೀರಿ ಮುರಿದರು. ಟೈಲ್ಸನ್ನು ನೀರು ಬಿಟ್ಟು ಕೊಯ್ದರು. ಮೇಸ್ತ್ರಿ ಈಗ ಅಳತೆ, ಲೆಕ್ಕ ಮತ್ತು ಮೇಲ್ವಿಚಾರಣೆ ನೋಡಿಕೊಳ್ಳುತ್ತಾರೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಮಗಳ ಕೆಮ್ಮು ನಿಂತಿದೆ. ಅವರದು ನಿಂತಿಲ್ಲ.

ಮಿತ್ರರೇ, ನಿಮ್ಮ ಮನೆಯಲ್ಲಿ ಇಂಥ ಕೆಲಸ ನಡೆದರೆ ಟೈಲ್ಸಿನ ಬಣ್ಣ ಆರಿಸುವ ಮೊದಲು ಹಿಂದಿನ ಗೋಡೆಯ ಬಗ್ಗೆ ಕೇಳಿ. ಕೆಲಸದವರಿಗೆ ಚಹಾ ಕೊಡುವಾಗ ಜೊತೆಗೊಂದು ಒಳ್ಳೆಯ ಮಾಸ್ಕನ್ನೂ ಕೊಡಿ. ಕೆಮ್ಮುತ್ತಿದ್ದರೆ ಎಷ್ಟು ದಿನದಿಂದ ಎಂದು ಕೇಳಿ. ಅದನ್ನು ಕೇಳಲು ಎಂ.ಡಿ. ಓದಿರಬೇಕಿಲ್ಲ.